ಮನೆಯಲ್ಲಿ ಕಟ್ಟಿದ ಗೇಮ್ ಕನ್ಸೋಲ್ ಆಟದ ನಡುವೆ ಆರಿಹೋದಾಗ: ದೋಷ ನಿವಾರಣೆ ಕೈಪಿಡಿ

ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, 2.8 ಇಂಚಿನ ಐಎಲ್‌ಐ9341 ಪರದೆ, ಒಂದು 18650 ಲಿಥಿಯಂ ಸೆಲ್, ಟಿಪಿ4056 ಚಾರ್ಜಿಂಗ್ ಬೋರ್ಡು, ಸೆಲ್ಲಿನ ವೋಲ್ಟೇಜನ್ನು 5 ವೋಲ್ಟಿಗೆ ಏರಿಸುವ ಎಂಟಿ3608 ಬೂಸ್ಟ್ ಬೋರ್ಡು, ಒಂದು ಚಿಕ್ಕ ಆಂಪ್ಲಿಫೈಯರ್, ಸ್ಪೀಕರ್ ಮತ್ತು ಹತ್ತು ಹನ್ನೆರಡು ಗುಂಡಿಗಳು. ಕೈಯಲ್ಲಿ ಹಿಡಿದು ಆಡುವ ಕನ್ಸೋಲನ್ನು ಮನೆಯಲ್ಲೇ ಕಟ್ಟುವವರು ಸಾಮಾನ್ಯವಾಗಿ ಆರಿಸಿಕೊಳ್ಳುವ ಭಾಗಗಳು ಇವು. ಪ್ರತಿಯೊಂದು ಭಾಗವನ್ನೂ ಬೇರೆಯಾಗಿ ಮೇಜಿನ ಮೇಲಿಟ್ಟು ಪರೀಕ್ಷಿಸಿದಾಗ ಸರಿಯಾಗಿಯೇ ಕೆಲಸ ಮಾಡುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಯೊಳಗೆ ಸೇರಿಸಿ ಮುಚ್ಚಳ ಹಾಕಿದ ಮೇಲೆ ತೊಂದರೆ ಶುರುವಾಗುತ್ತದೆ. ಆಟ ಅರ್ಧದಲ್ಲಿ ನಿಲ್ಲುತ್ತದೆ, ಪರದೆ ಬೆಳ್ಳಗಾಗುತ್ತದೆ, ಗುಂಡಿ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ. ಇಂಥ ದೋಷಗಳ ಮೂಲವನ್ನು ಹುಡುಕುವ ಕ್ರಮವನ್ನೂ, ಹುಡುಕುತ್ತ ಹೋದಂತೆ ಯಾವ ಭಾಗವನ್ನು ಏಕೆ ಬದಲಿಸಬೇಕಾಗುತ್ತದೆ ಎಂಬುದನ್ನೂ ಇಲ್ಲಿ ವಿವರಿಸಿದ್ದೇನೆ.

ನಾನು ಕಟ್ಟಿದ ಮೊದಲ ಕನ್ಸೋಲನ್ನು ಎಂಟನೆಯ ತರಗತಿಯಲ್ಲಿದ್ದ ಅಕ್ಕನ ಮಗನಿಗೆ ಕೊಟ್ಟಿದ್ದೆ. ಮೂರನೆಯ ದಿನ ಅವನು ಅದನ್ನು ತಂದು, "ಮಾಮ, ಸೌಂಡ್ ಜಾಸ್ತಿ ಮಾಡಿದ್ರೆ ಆಫ್ ಆಗುತ್ತೆ, ಕಮ್ಮಿ ಮಾಡಿದ್ರೆ ಏನೂ ಆಗಲ್ಲ" ಎಂದ. ನಾನು ಆ ಮಾತನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಮೆಮೊರಿ ಕಾರ್ಡ್ ಬದಲಿಸಿದೆ, ಹಳೆಯ ಆಟಗಳನ್ನು ನಡೆಸುವ ರೆಟ್ರೋಪೈ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದೆ, ಕೊನೆಗೆ ಪೈ ಬೋರ್ಡನ್ನೇ ಬದಲಿಸಿದೆ. ದೋಷ ಹಾಗೆಯೇ ಉಳಿಯಿತು. ನಿಜವಾದ ಸುಳಿವು ಅವನ ಮಾತಿನಲ್ಲೇ ಇತ್ತು. ಶಬ್ದ ಹೆಚ್ಚಾದರೆ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಕರೆಂಟ್ ಎಳೆದಾಗ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಮೊದಲು ವಿದ್ಯುತ್ ಪೂರೈಕೆಯ ದಾರಿಯಲ್ಲೇ ಹುಡುಕಬೇಕು. ಆದ್ದರಿಂದ ಈ ಕೈಪಿಡಿಯ ಹೆಚ್ಚಿನ ಭಾಗ ಆ ದಾರಿಯ ಕುರಿತೇ ಇದೆ.

ಅಳತೆಗೆ ಮುನ್ನ

ಲಿಥಿಯಂ ಸೆಲ್ಲನ್ನು ಬೋರ್ಡುಗಳಿಗೆ ಜೋಡಿಸುವ ಮೊದಲು ಕನೆಕ್ಟರಿನ ಧನ ಮತ್ತು ಋಣ ತುದಿಗಳನ್ನು ಮಲ್ಟಿಮೀಟರಿನಿಂದಲೇ ಖಚಿತಪಡಿಸಿಕೊಳ್ಳಬೇಕು. ಎರಡು ಪಿನ್ನಿನ ಜೆಎಸ್‌ಟಿ ಕನೆಕ್ಟರುಗಳಲ್ಲಿ ಕೆಂಪು ತಂತಿ ಯಾವ ಕಡೆ ಇರಬೇಕೆಂಬ ವಿಷಯದಲ್ಲಿ ತಯಾರಕರ ನಡುವೆ ಒಮ್ಮತವಿಲ್ಲ, ಮತ್ತು ತಿರುಗುಮುರುಗಾಗಿ ಜೋಡಿಸಿದರೆ ಟಿಪಿ4056 ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ. ಉಬ್ಬಿದ ಅಥವಾ ತಗ್ಗು ಬಿದ್ದ ಸೆಲ್ಲನ್ನು ಪರೀಕ್ಷೆಗೂ ಬಳಸಬಾರದು. ಮೀಟರಿನ ಕೆಂಪು ಕಡ್ಡಿಯನ್ನು ಆಂಪಿಯರ್ ತೂತಿನಲ್ಲಿಟ್ಟು ಸೆಲ್ಲಿನ ಎರಡು ತುದಿಗಳಿಗೆ ಮುಟ್ಟಿಸುವುದು ನೇರ ಶಾರ್ಟ್ ಮಾಡಿದಂತೆಯೇ ಸರಿ. ಈ ತಪ್ಪು ಅನುಭವಸ್ಥರಿಂದಲೂ ಆಗುವುದರಿಂದ ಪ್ರತಿ ಸಲವೂ ಕಡ್ಡಿ ಎಲ್ಲಿದೆ ಎಂದು ನೋಡಿಯೇ ಕೈಯಿಡಬೇಕು.

ಮೊದಲ ಅಳತೆಯನ್ನು ಪೈ ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ಪಿನ್ನುಗಳ ಮೇಲೆಯೇ ಮಾಡಬೇಕು, ಬೂಸ್ಟ್ ಬೋರ್ಡಿನ ತುದಿಯಲ್ಲಲ್ಲ. ಕಾರಣ ಸರಳವಾಗಿದೆ: ಬೂಸ್ಟ್ ಬೋರ್ಡು ತನ್ನ ತುದಿಯಲ್ಲಿ ಎಷ್ಟು ವೋಲ್ಟ್ ಕೊಡುತ್ತದೆ ಎಂಬುದಕ್ಕಿಂತ ಪೈಗೆ ಎಷ್ಟು ತಲುಪುತ್ತದೆ ಎಂಬುದು ಮುಖ್ಯ. ಅಳೆಯುವಾಗ ಕನ್ಸೋಲ್ ಸುಮ್ಮನೆ ಮೆನುವಿನಲ್ಲಿ ನಿಂತಿರಬಾರದು. ದೋಷ ಕಾಣಿಸಿಕೊಳ್ಳುವ ಆಟವೇ ನಡೆಯುತ್ತಿರಬೇಕು, ಶಬ್ದ ಪೂರ್ತಿ ಇರಬೇಕು, ಪರದೆಯ ಬೆಳಕು ಪೂರ್ತಿ ಇರಬೇಕು.

ಇಲ್ಲಿ ಜೀರೋ ಬೋರ್ಡುಗಳ ಒಂದು ವಿಶೇಷವನ್ನು ತಿಳಿದಿರುವುದು ಅತ್ಯಗತ್ಯ. ದೊಡ್ಡ ಪೈ ಬೋರ್ಡುಗಳಲ್ಲಿ 5 ವೋಲ್ಟಿನ ಪೂರೈಕೆ ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ. ಜೀರೋ ಸರಣಿಯ ಬೋರ್ಡುಗಳಲ್ಲಿ ಈ ಪತ್ತೆ ಮಾಡುವ ಸರ್ಕ್ಯೂಟೇ ಇಲ್ಲ. "ಮಿಂಚು ಕಾಣಿಸಲಿಲ್ಲ, ಹಾಗಾಗಿ ವೋಲ್ಟೇಜ್ ಸರಿಯಿದೆ" ಎಂಬ ತರ್ಕ ಜೀರೋ 2 ಡಬ್ಲ್ಯು ಮಟ್ಟಿಗೆ ಸಂಪೂರ್ಣ ತಪ್ಪು. ನಾನು ಬೋರ್ಡ್ ಬದಲಿಸುವವರೆಗೆ ಹೋಗಿದ್ದು ಇದೇ ತರ್ಕವನ್ನು ನಂಬಿ.

ಆಟದ ನಡುವೆ ಆರುವುದು ಅಥವಾ ಮತ್ತೆ ಮತ್ತೆ ಬೂಟ್ ಆಗುವುದು

ಸೆಲ್ಲಿನಿಂದ ಪೈವರೆಗಿನ ದಾರಿಯನ್ನು ತುಂಡುತುಂಡಾಗಿ ನೋಡಬೇಕು. ಸೆಲ್, ಅದರ ಹೋಲ್ಡರ್, ಚಾರ್ಜಿಂಗ್ ಬೋರ್ಡಿನ ರಕ್ಷಣಾ ಸರ್ಕ್ಯೂಟ್, ಆನ್–ಆಫ್ ಸ್ವಿಚ್, ಅಲ್ಲಿಂದ ಬೂಸ್ಟ್ ಬೋರ್ಡಿಗೆ ಹೋಗುವ ತಂತಿ, ಬೂಸ್ಟ್ ಬೋರ್ಡು, ಅಲ್ಲಿಂದ ಪೈಗೆ ಹೋಗುವ ತಂತಿ. ಪ್ರತಿಯೊಂದು ತುಂಡಿನ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನಿಟ್ಟು, ಕನ್ಸೋಲ್ ನಡೆಯುತ್ತಿರುವಾಗಲೇ ವೋಲ್ಟೇಜ್ ಓದಬೇಕು. ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸೊನ್ನೆಗೆ ಹತ್ತಿರದ ಓದು ಬಂದರೆ ಆ ತುಂಡು ಸರಿಯಿದೆ, 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅಲ್ಲಿ ಶಕ್ತಿ ಸೋರುತ್ತಿದೆ. ಋಣ ತುದಿಯ ದಾರಿಯನ್ನೂ ಇದೇ ಕ್ರಮದಲ್ಲಿ ಅಳೆಯಬೇಕು. ಕೆಂಪು ತಂತಿಗೆ ದಪ್ಪ ವೈರ್ ಹಾಕಿ ಕಪ್ಪಿಗೆ ಉಳಿದ ತೆಳು ವೈರ್ ಹಾಕುವವರು ಬಹಳ ಮಂದಿ, ಆದರೆ ಹೋದಷ್ಟೇ ಕರೆಂಟ್ ಹಿಂದಿರುಗಿ ಬರಲೇಬೇಕು.

ಕರೆಂಟನ್ನು ನೇರವಾಗಿ ಅಳೆಯಲು ಮೀಟರನ್ನು ದಾರಿಯ ನಡುವೆ ಸೇರಿಸುವುದನ್ನು ಈ ಹಂತದಲ್ಲಿ ನಾನು ಶಿಫಾರಸು ಮಾಡುವುದಿಲ್ಲ. ಮೀಟರಿನ ಕಡ್ಡಿಗಳಿಗೂ ಒಳಗಿನ ಫ್ಯೂಸಿಗೂ ತಮ್ಮದೇ ರೋಧ ಇರುವುದರಿಂದ, ಮೊದಲೇ ಸೊರಗಿರುವ ದಾರಿ ಇನ್ನಷ್ಟು ಸೊರಗಿ ಇಲ್ಲದ ದೋಷವೂ ಹುಟ್ಟಿಕೊಳ್ಳುತ್ತದೆ.

ನನ್ನ ಕನ್ಸೋಲಿನಲ್ಲಿ, ಸಾಧಾರಣ ಶಬ್ದದಲ್ಲಿ ಆಟ ನಡೆಯುತ್ತಿದ್ದಾಗ ಸಿಕ್ಕ ಓದುಗಳು ಹೀಗಿದ್ದವು. ಸೆಲ್ಲಿನ ತುದಿಗಳಲ್ಲಿ 3.58 ವೋಲ್ಟ್. ರಕ್ಷಣಾ ಸರ್ಕ್ಯೂಟಿನಲ್ಲಿ ಕಳೆದುಹೋದದ್ದು 0.06 ವೋಲ್ಟ್. ಸ್ವಿಚ್ಚಿನಲ್ಲಿ 0.21. ಹೋಗಿಬರುವ ತಂತಿಗಳಲ್ಲಿ 0.10. ಹೀಗಾಗಿ ಬೂಸ್ಟ್ ಬೋರ್ಡಿನ ಬಾಗಿಲಿಗೆ ಮುಟ್ಟುತ್ತಿದ್ದದ್ದು 3.21 ವೋಲ್ಟ್ ಮಾತ್ರ. ಆ ಕಡೆಯಿಂದ 5 ವೋಲ್ಟ್ ಹೊರಬಂದು ಪೈ ತಲುಪುವಾಗ 4.93 ಆಗಿತ್ತು. ಇದಿಷ್ಟನ್ನೇ ನೋಡಿದರೆ ಗಾಬರಿಪಡುವಂಥದ್ದು ಏನೂ ಇಲ್ಲ ಎನ್ನಿಸುತ್ತದೆ, ಮತ್ತು ಸಾಧಾರಣ ಶಬ್ದದಲ್ಲಿ ಕನ್ಸೋಲ್ ಆರುತ್ತಲೂ ಇರಲಿಲ್ಲ.

ತೊಂದರೆ ಬೂಸ್ಟ್ ಬೋರ್ಡಿನ ಸ್ವಭಾವದಲ್ಲಿದೆ. ಅದು ಹೊರಗಡೆ ಒಂದೇ ವೋಲ್ಟೇಜ್ ಕಾಯ್ದುಕೊಳ್ಳಲೇಬೇಕು. ಒಳಗೆ ಬರುವ ವೋಲ್ಟೇಜ್ ಇಳಿದರೆ ಅಷ್ಟೇ ಶಕ್ತಿಯನ್ನು ಪಡೆಯಲು ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಕರೆಂಟ್ ಎಳೆದಂತೆ ತಂತಿ ಮತ್ತು ಸ್ವಿಚ್ಚಿನಲ್ಲಿ ಇನ್ನಷ್ಟು ವೋಲ್ಟ್ ಕಳೆದುಹೋಗುತ್ತದೆ, ಆಗ ಅದು ಮತ್ತಷ್ಟು ಎಳೆಯುತ್ತದೆ. ಲೆಕ್ಕ ಹಾಕಿ ನೋಡೋಣ. ಶಬ್ದ ಪೂರ್ತಿ ಇರುವಾಗ ಹೊರಗಡೆ 5 ವೋಲ್ಟಿನಲ್ಲಿ 0.8 ಆಂಪಿಯರ್, ಅಂದರೆ 4 ವಾಟ್ ಬೇಕೆಂದುಕೊಳ್ಳೋಣ. ಬೋರ್ಡಿನ ದಕ್ಷತೆ ಶೇ 85 ಎಂದು ಹಿಡಿದರೆ ಒಳಗೆ 4.7 ವಾಟ್ ಬೇಕು. ಸೆಲ್ಲಿನ ಒಳರೋಧವೂ ಸೇರಿ ದಾರಿಯ ಒಟ್ಟು ರೋಧ ಅರ್ಧ ಓಮ್ ಇದ್ದು, ಸೆಲ್ ಬಹುಪಾಲು ಖಾಲಿಯಾಗಿ 3.4 ವೋಲ್ಟಿಗೆ ಬಂದಿದ್ದರೆ, ದಾರಿಯಲ್ಲಿ ಸುಮಾರು 1.9 ಆಂಪಿಯರ್ ಹರಿದು ಬೂಸ್ಟ್ ಬೋರ್ಡಿನ ಬಾಗಿಲಲ್ಲಿ ಉಳಿಯುವುದು ಸುಮಾರು 2.4 ವೋಲ್ಟ್. ಈ ದಾರಿ ಕೊಡಬಲ್ಲ ಶಕ್ತಿಯ ಅಂಚಿಗೆ ಆಗಲೇ ಬಂದಿರುತ್ತೇವೆ. ಇನ್ನೊಂದು ಸಣ್ಣ ಎಳೆತ ಬಂದರೂ 5 ವೋಲ್ಟ್ ಕುಸಿಯುತ್ತದೆ, ಪೈ ಆರುತ್ತದೆ. ಪೈ ಆರಿದೊಡನೆ ಹೊರೆ ಇಲ್ಲವಾಗಿ ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ, ಪೈ ಮತ್ತೆ ಬೂಟ್ ಆಗುತ್ತದೆ. ಸೆಲ್ಲನ್ನು ತೆಗೆದು ಅಳೆದರೆ ಅದು ಚೆನ್ನಾಗಿಯೇ ಇರುತ್ತದೆ. ಸೆಲ್ಲಿನಲ್ಲಿ ಇನ್ನೂ ಶಕ್ತಿ ಉಳಿದಿರುವಾಗಲೇ ಕನ್ಸೋಲ್ ಸಾಯುವ ವಿಚಿತ್ರಕ್ಕೆ ಕಾರಣ ಇದು.

ಅದೇ ಲೆಕ್ಕದಲ್ಲಿ ದಾರಿಯ ರೋಧವನ್ನು ಅರ್ಧ ಓಮಿನಿಂದ 0.2 ಓಮಿಗೆ ಇಳಿಸಿದರೆ ಕರೆಂಟ್ ಸುಮಾರು 1.5 ಆಂಪಿಯರಿಗೆ ಇಳಿದು ಬೂಸ್ಟ್ ಬೋರ್ಡಿಗೆ 3.1 ವೋಲ್ಟ್ ಸಿಗುತ್ತದೆ. ಸೆಲ್ ಅದೇ, ಬೋರ್ಡುಗಳೂ ಅವೇ. ಬದಲಾದದ್ದು ತಂತಿ ಮತ್ತು ಸ್ವಿಚ್ ಮಾತ್ರ.

ಹಾಗಾದರೆ ಯಾವ ತಂತಿ? ತಂತಿಗಳ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 30 ಗೇಜಿನ ತಾಮ್ರದ ತಂತಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.34 ಓಮ್ ರೋಧವಿದ್ದರೆ 22 ಗೇಜಿನದಕ್ಕೆ ಸುಮಾರು 0.053 ಓಮ್, ಅಂದರೆ ಆರರಲ್ಲಿ ಒಂದು ಪಾಲಿಗಿಂತ ಕಡಿಮೆ. ಗುಂಡಿಗಳಿಗೆ 30 ಗೇಜ್ ಧಾರಾಳವಾಗಿ ಸಾಕು, ಏಕೆಂದರೆ ಅಲ್ಲಿ ಹರಿಯುವ ಕರೆಂಟ್ ನಗಣ್ಯ. ಸೆಲ್ಲಿನಿಂದ ಬೂಸ್ಟ್ ಬೋರ್ಡಿಗೂ ಅಲ್ಲಿಂದ ಪೈಗೂ 22 ಅಥವಾ 24 ಗೇಜಿನ, ಸಿಲಿಕೋನ್ ಹೊದಿಕೆಯ, ಬಹಳ ಎಳೆಗಳಿರುವ ತಂತಿಯನ್ನೇ ಹಾಕಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಇದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅರ್ಧ ಮೀಟರ್ ಕೆಂಪು, ಅರ್ಧ ಮೀಟರ್ ಕಪ್ಪು ಕೊಂಡರೆ ಒಂದು ಕನ್ಸೋಲಿಗೆ ಮಿಕ್ಕುತ್ತದೆ. ಪ್ರಯೋಗದ ಬೋರ್ಡಿಗೆ ಬಳಸುವ ಜಂಪರ್ ತಂತಿಗಳನ್ನು ವಿದ್ಯುತ್ ದಾರಿಯಲ್ಲಿ ಉಳಿಸಿಕೊಳ್ಳಲೇಬಾರದು. ಅವುಗಳ ತಂತಿಯೂ ತೆಳು, ತುದಿಯ ಹಿಡಿತವೂ ಸಡಿಲ.

ಸ್ವಿಚ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಡಬ್ಬಿಯ ಅಂಚಿನಲ್ಲಿ ಚೆಂದವಾಗಿ ಕೂರುತ್ತದೆಂದು ಎಲ್ಲರೂ ಹಾಕುವ ಪುಟ್ಟ ಜಾರು ಸ್ವಿಚ್ಚುಗಳು ಸಾಮಾನ್ಯವಾಗಿ ಅರ್ಧ ಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ ಕರೆಂಟಿಗೆ ತಯಾರಾದವು. ನಾವು ಅವುಗಳಲ್ಲಿ ಅದರ ಎರಡು ಮೂರು ಪಟ್ಟು ಹರಿಸುತ್ತೇವೆ. ಹೊಸದಾಗಿದ್ದಾಗ ತಡೆದುಕೊಳ್ಳುವ ಸ್ವಿಚ್ ಕೆಲವು ವಾರಗಳಲ್ಲಿ ಒಳಗಿನ ಹಾಳೆ ಕಪ್ಪಾಗಿ ರೋಧ ಬೆಳೆಸಿಕೊಳ್ಳುತ್ತದೆ. ನನ್ನ ಕನ್ಸೋಲಿನ ಸ್ವಿಚ್ಚನ್ನು ಬಿಚ್ಚಿ ನೋಡಿದಾಗ ಒಳಗಿನ ಎರಡು ಹಿತ್ತಾಳೆ ಪಟ್ಟಿಗಳ ಮೇಲೆ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದೊಂದು ಕಪ್ಪು ಚುಕ್ಕೆ ಇತ್ತು. ಆಟವನ್ನು ಆರಿಸುತ್ತಿದ್ದ 0.21 ವೋಲ್ಟ್ ಕಳೆದುಹೋಗುತ್ತಿದ್ದದ್ದು ಅಲ್ಲಿಯೇ. ಮೂರು ಆಂಪಿಯರಿನ ಸ್ವಿಚ್ ಹಾಕುವುದು ಒಂದು ಪರಿಹಾರ. ಬೂಸ್ಟ್ ಬೋರ್ಡಿನಲ್ಲಿ ಅದನ್ನು ಆನ್–ಆಫ್ ಮಾಡುವ ಎನೇಬಲ್ ಪಿನ್ ಹೊರಗೆ ಕೊಟ್ಟಿದ್ದರೆ ಚಿಕ್ಕ ಸ್ವಿಚ್ಚನ್ನು ಆ ಪಿನ್ನಿಗೆ ಜೋಡಿಸುವುದು ಅದಕ್ಕಿಂತ ಒಳ್ಳೆಯ ಪರಿಹಾರ, ಆಗ ಸ್ವಿಚ್ಚಿನಲ್ಲಿ ಕರೆಂಟೇ ಹರಿಯುವುದಿಲ್ಲ. ಅಗ್ಗದ ಎಂಟಿ3608 ಬೋರ್ಡುಗಳಲ್ಲಿ ಈ ಪಿನ್ ಹೊರಗೆ ಬಂದಿರುವುದಿಲ್ಲ. ಅಡಾಫ್ರೂಟ್ ಕಂಪನಿಯ ಪವರ್‌ಬೂಸ್ಟ್ 1000ಸಿ ಬೋರ್ಡಿನಲ್ಲಿ ಅದು ಇದೆ, ಹೊರಬರುವ ವೋಲ್ಟೇಜ್ 5.2 ಇರುವುದರಿಂದ ತಂತಿಯಲ್ಲಿ ಸ್ವಲ್ಪ ಕಳೆದರೂ ಪೈಗೆ ಸಾಕಷ್ಟು ಸಿಗುತ್ತದೆ, ಆದರೆ ಬೆಲೆ ಹಲವು ಪಟ್ಟು ಹೆಚ್ಚು.

ಪೈ ಬಳಿ ದೊಡ್ಡ ಕೆಪ್ಯಾಸಿಟರ್ ಹಾಕಿದರೆ ಸಾಕು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದರ ಮಿತಿಯನ್ನು ಅರಿತೇ ಹಾಕಬೇಕು. 1000 ಮೈಕ್ರೊಫ್ಯಾರಡಿನ ಕೆಪ್ಯಾಸಿಟರಿನಿಂದ ಒಂದು ಆಂಪಿಯರ್ ಎಳೆದರೆ ಅದರ ವೋಲ್ಟೇಜ್ ಪ್ರತಿ ಮಿಲಿಸೆಕೆಂಡಿಗೆ ಒಂದು ವೋಲ್ಟಿನಂತೆ ಇಳಿಯುತ್ತದೆ. ಸ್ಪೀಕರಿನ ಒಂದು ಚಿಟಿಕೆ ಸದ್ದಿನ ಎಳೆತವನ್ನು ಅದು ತುಂಬಿಕೊಡಬಲ್ಲದು. ಒಂದು ಸೆಕೆಂಡ್ ನಡೆಯುವ ಸ್ಫೋಟದ ಸದ್ದನ್ನಲ್ಲ. ಆಂಪ್ಲಿಫೈಯರಿನ ಪಕ್ಕದಲ್ಲಿ 470 ಮೈಕ್ರೊಫ್ಯಾರಡಿನದೊಂದನ್ನು ನಾನು ಯಾವಾಗಲೂ ಹಾಕುತ್ತೇನೆ, ಆದರೆ ತೆಳು ತಂತಿಯ ದೋಷಕ್ಕೆ ಅದು ಮದ್ದಲ್ಲ.

ದೋಷ ಕ್ಷಣಿಕವಾಗಿದ್ದರೆ ಸಾಧಾರಣ ಮೀಟರ್ ಅದನ್ನು ಹಿಡಿಯುವುದಿಲ್ಲ, ಏಕೆಂದರೆ ಅದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುತ್ತದೆ. ವೋಲ್ಟೇಜಿನ ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಇಲ್ಲದವರು ಪೈ ಬೋರ್ಡನ್ನು ಬಿಡಿಸಿಟ್ಟು ಅದರ ಜಾಗದಲ್ಲಿ 10 ಓಮಿನ, 10 ವಾಟಿನ ಸಿಮೆಂಟ್ ರೆಸಿಸ್ಟರ್ ಜೋಡಿಸಬಹುದು. ಒಂದು ಹಾಕಿದರೆ ನಿರಂತರವಾಗಿ ಅರ್ಧ ಆಂಪಿಯರ್, ಪಕ್ಕದಲ್ಲಿ ಇನ್ನೊಂದನ್ನು ಸಮಾನಾಂತರವಾಗಿ ಹಾಕಿದರೆ ಒಂದು ಆಂಪಿಯರ್. ಈ ಹೊರೆ ಕ್ಷಣಿಕವಲ್ಲವಾದ್ದರಿಂದ ನಿಧಾನವಾಗಿ, ಒಂದೊಂದು ತುಂಡನ್ನೂ ಅಳೆಯಬಹುದು. ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಗುವುದರಿಂದ ಅದನ್ನು ಹೆಂಚಿನ ತುಂಡಿನ ಮೇಲೋ ಲೋಹದ ತಟ್ಟೆಯ ಮೇಲೋ ಇಡಬೇಕು. ಈ ಪರೀಕ್ಷೆಯಲ್ಲಿ ಅರ್ಧ ಗಂಟೆ ನಿಂತ ಪೂರೈಕೆಗೆ ಮಾತ್ರ ಪೈ ಜೋಡಿಸುವುದು ನನ್ನ ಈಗಿನ ಕ್ರಮ.

ಎಲ್ಲ ತುಂಡುಗಳೂ ಸರಿಯಿದ್ದು ಸೆಲ್ಲಿನ ತುದಿಯಲ್ಲೇ ವೋಲ್ಟೇಜ್ ಧೊಪ್ಪನೆ ಇಳಿಯುತ್ತಿದ್ದರೆ ದೋಷ ಸೆಲ್ಲಿನದು. 18650 ಅಳತೆಯ ಅಸಲಿ ಸೆಲ್ಲುಗಳ ಸಾಮರ್ಥ್ಯ ಬಹುಮಟ್ಟಿಗೆ 3500 ಮಿಲಿಆಂಪಿಯರ್ ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ; ಮೇಲೆ 6000, 9900 ಎಂದು ಬರೆದಿದ್ದರೆ ಆ ಬರಹ ಸುಳ್ಳು. ಒಳ್ಳೆಯ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಬಹಳ ಹಗುರವಾಗಿದ್ದರೆ ಕೊಳ್ಳಬಾರದು. ಆಟದ ಅವಧಿಯನ್ನೂ ಮೊದಲೇ ಲೆಕ್ಕ ಹಾಕಬಹುದು: 2000 ಮಿಲಿಆಂಪಿಯರ್ ಗಂಟೆಯ ಸೆಲ್ಲಿನಲ್ಲಿ 3.7 ವೋಲ್ಟಿನಂತೆ 7.4 ವಾಟ್ ಗಂಟೆಯ ಶಕ್ತಿಯಿದೆ, ಬೂಸ್ಟ್ ಬೋರ್ಡಿನ ನಷ್ಟ ಕಳೆದು ಸುಮಾರು 6.3 ಉಳಿಯುತ್ತದೆ, ಕನ್ಸೋಲ್ 2.5 ವಾಟ್ ಬಳಸಿದರೆ ಎರಡೂವರೆ ಗಂಟೆಯ ಆಟ. 1989ರಲ್ಲಿ ಬಂದ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ನಾಲ್ಕು ಎಎ ಸೆಲ್ಲುಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಡೆಯುತ್ತಿತ್ತಲ್ಲ ಎಂದು ಕೇಳುವವರುಂಟು. ಅದರ 160 ಗುಣಿಸು 144 ಚುಕ್ಕೆಗಳ ಪರದೆಗೆ ಹಿಂಬದಿಯ ಬೆಳಕೇ ಇರಲಿಲ್ಲ, ಒಳಗಿದ್ದದ್ದು ಸುಮಾರು 4 ಮೆಗಾಹರ್ಟ್ಸಿನ ಎಂಟು ಬಿಟ್ ಚಿಪ್ಪು. ನಮ್ಮದರಲ್ಲಿ ಒಂದು ಗಿಗಾಹರ್ಟ್ಸಿನ ನಾಲ್ಕು ಕೋರುಗಳಿವೆ. ಹಳೆಯ ಒಂದೇ ಕೋರಿನ ಜೀರೋ ಬೋರ್ಡಿಗಾಗಿ ಕಟ್ಟಿದ ಪೂರೈಕೆಗೆ ಜೀರೋ 2 ಡಬ್ಲ್ಯು ಜೋಡಿಸಿದಾಗ ಕನ್ಸೋಲ್ ಆರತೊಡಗಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಆನ್ ಆಗುವುದೇ ಇಲ್ಲ, ಅಥವಾ ಚಾರ್ಜ್ ಆಗುವುದಿಲ್ಲ

ಸೆಲ್ಲಿನಲ್ಲಿ 3.8 ವೋಲ್ಟ್ ಇದೆ, ಆದರೆ ಚಾರ್ಜಿಂಗ್ ಬೋರ್ಡಿನ ಔಟ್ ತುದಿಗಳಲ್ಲಿ ಸೊನ್ನೆ. ಹೊಸದಾಗಿ ಕಟ್ಟುವವರು ಬೋರ್ಡ್ ಸುಟ್ಟಿತೆಂದು ಎಸೆಯುವುದು ಇಂಥ ಸಂದರ್ಭದಲ್ಲೇ. ಬೋರ್ಡಿನಲ್ಲಿರುವ ಡಿಡಬ್ಲ್ಯು01 ಎಂಬ ರಕ್ಷಣಾ ಚಿಪ್ಪು ಸೆಲ್ಲನ್ನು ಮೊದಲ ಸಲ ಜೋಡಿಸಿದಾಗ ಅಥವಾ ಅತಿ ಕರೆಂಟ್, ಅತಿ ಖಾಲಿಯಾಗುವಿಕೆಯಿಂದ ಬಾಗಿಲು ಮುಚ್ಚಿಕೊಂಡಾಗ, ಮತ್ತೆ ತೆರೆಯಲು ಚಾರ್ಜರ್ ಜೋಡಣೆಯನ್ನು ಕಾಯುವುದುಂಟು. ಯುಎಸ್‌ಬಿ ಚಾರ್ಜರನ್ನು ಒಂದೆರಡು ಸೆಕೆಂಡ್ ಹಾಕಿ ತೆಗೆದರೆ ಔಟ್ ತುದಿಯಲ್ಲಿ ವೋಲ್ಟೇಜ್ ಬರುತ್ತದೆ. ಬಂದ ಮೇಲೂ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದರೆ ಮುಂದೆ ಎಲ್ಲೋ ಶಾರ್ಟ್ ಇದೆ. ಸೆಲ್ ತೆಗೆದು, ಬೂಸ್ಟ್ ಬೋರ್ಡಿನ ಒಳ ತುದಿಗಳ ನಡುವೆ ರೋಧ ನೋಡಬೇಕು.

ಈ ಚಿಪ್ಪು ಸೆಲ್ಲನ್ನು ಸುಮಾರು 2.4 ವೋಲ್ಟಿನವರೆಗೆ ಖಾಲಿಯಾಗಲು ಬಿಡುತ್ತದೆ. ಅದು ಕೊನೆಯ ರಕ್ಷಣೆ ಮಾತ್ರ, ಸೆಲ್ಲಿನ ಆಯುಸ್ಸಿಗೆ 3 ವೋಲ್ಟಿಗಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು.

ಟಿಪಿ4056 ಬೋರ್ಡು ಚಾರ್ಜಿಂಗ್ ವೇಳೆ ತೀರಾ ಬಿಸಿಯಾಗುವುದು ದೋಷವಲ್ಲ. 5 ವೋಲ್ಟ್ ಬಂದು 3.7 ವೋಲ್ಟಿನ ಸೆಲ್ಲಿಗೆ ಒಂದು ಆಂಪಿಯರ್ ಹೋಗುವಾಗ ಮಿಕ್ಕ 1.3 ವಾಟ್ ಆ ಉಗುರಿನಗಲದ ಬೋರ್ಡಿನಲ್ಲೇ ಶಾಖವಾಗುತ್ತದೆ. ಅದನ್ನು ಸೆಲ್ಲಿಗೆ ಅಂಟಿಸಿ ಕೂರಿಸುವುದು ಮಾತ್ರ ದೋಷ. 1000 ಮಿಲಿಆಂಪಿಯರ್ ಗಂಟೆಗಿಂತ ಚಿಕ್ಕ ಸೆಲ್ ಬಳಸುವವರು ಬೋರ್ಡಿನ 1.2 ಕಿಲೊಓಮ್ ಪ್ರೋಗ್ರಾಂ ರೆಸಿಸ್ಟರನ್ನು 2 ಕಿಲೊಓಮಿಗೆ ಬದಲಿಸಿದರೆ ಚಾರ್ಜಿಂಗ್ ಕರೆಂಟ್ ಸುಮಾರು 580 ಮಿಲಿಆಂಪಿಯರಿಗೆ ಇಳಿಯುತ್ತದೆ. ಆಡುತ್ತಲೇ ಚಾರ್ಜ್ ಮಾಡಿದರೆ ಚಾರ್ಜ್ ಮುಗಿದ ದೀಪ ಹತ್ತುವುದೇ ಇಲ್ಲ ಎಂಬ ದೂರಿಗೂ ಕಾರಣ ಸ್ಪಷ್ಟ: ಕರೆಂಟ್ ಹತ್ತನೇ ಒಂದು ಪಾಲಿಗೆ ಇಳಿದಾಗ ಚಾರ್ಜ್ ಮುಗಿಯಿತೆಂದು ಚಿಪ್ಪು ತಿಳಿಯುತ್ತದೆ, ಕನ್ಸೋಲ್ ಅದೇ ದಾರಿಯಿಂದ ಎಳೆಯುತ್ತಿರುವವರೆಗೆ ಆ ಇಳಿಕೆ ಕಾಣಿಸುವುದಿಲ್ಲ. ಇನ್ನು, ಸಿ ಮಾದರಿಯ ಯುಎಸ್‌ಬಿ ಬಾಯಿಯಿರುವ ಕೆಲವು ಬೋರ್ಡುಗಳು ಎರಡೂ ಕಡೆ ಸಿ ತುದಿಯಿರುವ ಕೇಬಲ್ಲಿನಲ್ಲಿ ಚಾರ್ಜ್ ಆಗುವುದಿಲ್ಲ. ಅವುಗಳಲ್ಲಿ 5.1 ಕಿಲೊಓಮಿನ ಎರಡು ರೆಸಿಸ್ಟರುಗಳನ್ನು ಬಿಟ್ಟಿರುತ್ತಾರೆ. ಹಳೆಯ ಎ ತುದಿಯ ಚಾರ್ಜರ್ ಮತ್ತು ಕೇಬಲ್ಲಿನಲ್ಲಿ ಪರೀಕ್ಷಿಸಿದರೆ ತಕ್ಷಣ ತಿಳಿಯುತ್ತದೆ.

ಎಂಟಿ3608 ಬೋರ್ಡನ್ನು ಹೊಸದಾಗಿ ಜೋಡಿಸುವವರಿಗೆ ಒಂದು ಮಾತು. ಅದರ ನೀಲಿ ತಿರುಪನ್ನು 5 ವೋಲ್ಟಿಗೆ ಹೊಂದಿಸುವುದಕ್ಕೆ ಮುನ್ನ ಪೈಯನ್ನು ಹತ್ತಿರಕ್ಕೂ ತರಬಾರದು. ಅಂಗಡಿಯಿಂದ ಬಂದಾಗ ಅದು ಯಾವ ವೋಲ್ಟಿಗೆ ತಿರುಗಿರುತ್ತದೆಂದು ಹೇಳಲಾಗದು. ತಿರುಪು ಹಲವು ಸುತ್ತಿನದಾದ್ದರಿಂದ ಮೊದಲ ಕೆಲವು ಸುತ್ತುಗಳಲ್ಲಿ ಓದು ಬದಲಾಗದಿದ್ದರೆ ಕೆಟ್ಟಿದೆ ಎಂದುಕೊಳ್ಳದೆ ತಾಳ್ಮೆಯಿಂದ ತಿರುಗಿಸುತ್ತಲೇ ಇರಬೇಕು.

ಬಿಳಿ ಪರದೆ, ಕಲಸಿದ ಪರದೆ

ಪರದೆ ಪೂರ್ತಿ ಬೆಳ್ಳಗೆ ಹೊಳೆಯುತ್ತಿದ್ದರೆ ಹಿಂಬದಿಯ ಬೆಳಕಿಗೆ ವಿದ್ಯುತ್ ಸಿಕ್ಕಿದೆ, ಪರದೆಯ ಚಿಪ್ಪಿಗೆ ಆದೇಶ ಮುಟ್ಟಿಲ್ಲ ಎಂದರ್ಥ. ರೀಸೆಟ್ ಮತ್ತು ಡಿಸಿ (ಡೇಟಾ/ಕಮಾಂಡ್) ಎಂದು ಗುರುತಿಸಿದ ಎರಡು ತಂತಿಗಳನ್ನು ಮೊದಲು ನೋಡಬೇಕು; ಇವೆರಡು ಅದಲುಬದಲಾಗಿದ್ದರೆ ಅಥವಾ ಸಾಫ್ಟ್‌ವೇರಿನಲ್ಲಿ ಬರೆದ ಪಿನ್ ಸಂಖ್ಯೆಗೆ ಹೊಂದದಿದ್ದರೆ ಹೀಗಾಗುತ್ತದೆ. ಪೈಯ ಸಾಮಾನ್ಯ ಬಳಕೆಯ ಪಿನ್ನುಗಳಿಗೆ ಚಿಪ್ಪು ಕೊಡುವ ಜಿಪಿಐಒ ಸಂಖ್ಯೆಯನ್ನೂ ಬೋರ್ಡಿನ ಪಿನ್ನುಗಳ ಭೌತಿಕ ಎಣಿಕೆಯನ್ನೂ ಒಂದೇ ಎಂದುಕೊಳ್ಳುವುದು ಇಲ್ಲಿ ಸಾಮಾನ್ಯ ತಪ್ಪು. ಜಿಪಿಐಒ 10 ಇರುವುದು 19ನೇ ಪಿನ್ನಿನಲ್ಲಿ, ಜಿಪಿಐಒ 11 ಇರುವುದು 23ರಲ್ಲಿ. ತಂತಿಗಳೆಲ್ಲ ಸರಿಯಿದ್ದೂ ಬೆಳ್ಳಗಿದ್ದರೆ ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ ನೋಡಬೇಕು. ಈ ಪರದೆಗಳಿಗೆ ಹಿಂದೆ ಬಳಸುತ್ತಿದ್ದ ಕೆಲವು ಡ್ರೈವರುಗಳು, 2023ರ ಅಕ್ಟೋಬರಿನಲ್ಲಿ ಬಂದ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯ ಚಿತ್ರ ವ್ಯವಸ್ಥೆಯೊಂದಿಗೆ ಕೆಲಸ ಮಾಡುವುದಿಲ್ಲ.

ಚಿತ್ರ ಬರುತ್ತದೆ, ಆದರೆ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಮಿನುಗುತ್ತವೆ ಎಂದಾದರೆ ಪರದೆಗೆ ಚಿತ್ರ ಕಳಿಸುವ ಎಸ್‌ಪಿಐ ಸಂಪರ್ಕದ ವೇಗ ತಂತಿಗೆ ಹೆಚ್ಚಾಗಿದೆ. 320 ಗುಣಿಸು 240 ಚುಕ್ಕೆಗಳಿಗೆ, ಚುಕ್ಕೆಗೆ 16 ಬಿಟ್‌ನಂತೆ, ಒಂದು ಚಿತ್ರಕ್ಕೆ ಸುಮಾರು 12.3 ಲಕ್ಷ ಬಿಟ್ ಕಳಿಸಬೇಕು. 32 ಮೆಗಾಹರ್ಟ್ಸಿನಲ್ಲಿ ಸೆಕೆಂಡಿಗೆ 26 ಪೂರ್ಣ ಚಿತ್ರಗಳಷ್ಟೇ ಹೋಗುತ್ತವೆ, ಆದ್ದರಿಂದಲೇ ಎಲ್ಲರೂ ವೇಗವನ್ನು ಅದರ ಎರಡರಷ್ಟಕ್ಕೆ ಏರಿಸುತ್ತಾರೆ. ಆ ವೇಗದಲ್ಲಿ ಇಪ್ಪತ್ತು ಸೆಂಟಿಮೀಟರ್ ಉದ್ದದ ಸಡಿಲ ತಂತಿ ನಿಲ್ಲುವುದಿಲ್ಲ. ತಂತಿಯನ್ನು ಹತ್ತು ಸೆಂಟಿಮೀಟರಿಗಿಂತ ಚಿಕ್ಕದು ಮಾಡಿ, ಕ್ಲಾಕ್ ತಂತಿಯ ಪಕ್ಕದಲ್ಲೇ ಗ್ರೌಂಡ್ ತಂತಿಯನ್ನೂ ಓಡಿಸಬೇಕು. ಹಿಂಬದಿಯ ಬೆಳಕಿನ ತಂತಿಯನ್ನು ಜಿಪಿಐಒ ಪಿನ್ನಿಗೆ ನೇರವಾಗಿ ಜೋಡಿಸಬಾರದು. ಒಂದು ಪಿನ್ 16 ಮಿಲಿಆಂಪಿಯರಿಗಿಂತ ಹೆಚ್ಚು ಕೊಡುವಂತೆ ಮಾಡಿರುವುದಿಲ್ಲ.

ಗುಂಡಿಗಳು

ಪ್ರತಿ ಗುಂಡಿಯ ಒಂದು ತುದಿ ಜಿಪಿಐಒ ಪಿನ್ನಿಗೆ, ಇನ್ನೊಂದು ತುದಿ ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡಿಗೆ. ಎಲ್ಲ ಗುಂಡಿಗಳೂ ಒಟ್ಟಿಗೆ ಸತ್ತಿದ್ದರೆ ಆ ಗ್ರೌಂಡ್ ತಂತಿ ತುಂಡಾಗಿದೆ. ಒಂದೇ ಗುಂಡಿಯ ತೊಂದರೆಯಾದರೆ ಅದರ ಪಿನ್ನಿನ ವೋಲ್ಟೇಜ್ ನೋಡಬೇಕು: ಬಿಟ್ಟಾಗ 3.3 ವೋಲ್ಟ್, ಒತ್ತಿದಾಗ ಸೊನ್ನೆಗೆ ಹತ್ತಿರ. ಬಿಟ್ಟಾಗಲೂ ಓದು ಅಲ್ಲಿಲ್ಲಿ ತೇಲುತ್ತಿದ್ದರೆ ಪಿನ್ನನ್ನು 3.3 ವೋಲ್ಟಿಗೆ ಎಳೆದಿಡುವ ಒಳಗಿನ ರೆಸಿಸ್ಟರ್, ಅಂದರೆ ಪುಲ್–ಅಪ್, ಸಾಫ್ಟ್‌ವೇರಿನಲ್ಲಿ ಚಾಲೂ ಆಗಿಲ್ಲ. ತನ್ನಷ್ಟಕ್ಕೆ ಒತ್ತಿಕೊಳ್ಳುವ ಗುಂಡಿಗಳ ಕಾರಣ ಬಹುತೇಕ ಇದೇ. ಒತ್ತಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಉಳಿಯುತ್ತಿದ್ದರೆ ರಬ್ಬರ್ ಗುಂಡಿಯ ಅಡಿಯಲ್ಲಿರುವ ಕಾರ್ಬನ್ ಬಿಲ್ಲೆ ಕೊಳೆಯಾಗಿದೆ. ಒಳಗಿನ ಪುಲ್–ಅಪ್ ಸುಮಾರು 50 ಕಿಲೊಓಮ್ ಇದ್ದು ಬಿಲ್ಲೆಯ ರೋಧ 20 ಕಿಲೊಓಮಿಗೆ ಏರಿದ್ದರೆ ಪಿನ್ನಿನಲ್ಲಿ 0.94 ವೋಲ್ಟ್ ನಿಲ್ಲುತ್ತದೆ, ಅದು ಒತ್ತಿದ್ದೋ ಬಿಟ್ಟದ್ದೋ ಎಂದು ಚಿಪ್ಪಿಗೆ ನಿಶ್ಚಯವಾಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಬಿಲ್ಲೆಯನ್ನೂ ತಾಮ್ರದ ಹಾದಿಯನ್ನೂ ಒರೆಸಿದರೆ ಸಾಕು.

ಒಂದು ಗುಂಡಿ ಒತ್ತಿದಾಗ ಶಬ್ದ ಕೆಡುತ್ತದೆ ಎಂಬುದು ವಿಚಿತ್ರವಾಗಿ ಕೇಳಿಸಿದರೂ ಪಿನ್ ಹಂಚಿಕೆಯ ದೋಷ. ಮ್ಯಾಕ್ಸ್98357ಎ ಆಂಪ್ಲಿಫೈಯರ್ ಬಳಸುವಾಗ ಜಿಪಿಐಒ 18, 19 ಮತ್ತು 21 ಶಬ್ದಕ್ಕೆ ಮೀಸಲು. ಪರದೆಗೆ 7ರಿಂದ 11 ಮೀಸಲು. 2 ಮತ್ತು 3ರಲ್ಲಿ ಬೋರ್ಡಿನಲ್ಲೇ 1.8 ಕಿಲೊಓಮಿನ ಪುಲ್–ಅಪ್ ಇದೆ. ಇವುಗಳಲ್ಲಿ 3ನ್ನು ಆನ್ ಗುಂಡಿಗೆ ಇಟ್ಟುಕೊಳ್ಳುವುದು ಜಾಣತನ, ಏಕೆಂದರೆ ಶಟ್‌ಡೌನ್ ಆಗಿ ನಿಂತಿರುವ ಪೈ ಆ ಪಿನ್ ಗ್ರೌಂಡಿಗೆ ಮುಟ್ಟಿದಾಗ ಮತ್ತೆ ಬೂಟ್ ಆಗುತ್ತದೆ. ಬೆಸುಗೆ ಹಾಕುವ ಮುನ್ನವೇ ಯಾವ ಪಿನ್ ಯಾವುದಕ್ಕೆ ಎಂದು ಹಾಳೆಯ ಮೇಲೆ ಬರೆದಿಟ್ಟುಕೊಂಡವರಿಗೆ ಈ ದೋಷ ಬರುವುದಿಲ್ಲ. ಯಾವ ಕಾರಣಕ್ಕೂ ಜಿಪಿಐಒ ಪಿನ್ನಿಗೆ 5 ವೋಲ್ಟ್ ತಾಗಬಾರದು, ತಾಗಿದರೆ ಚಿಪ್ಪು ಶಾಶ್ವತವಾಗಿ ಕೆಡಬಹುದು.

ಸ್ಪೀಕರಿನಲ್ಲಿ ಸದಾ ಒಂದು ಗುಂಯ್ ಸದ್ದಿದ್ದರೆ ಆಂಪ್ಲಿಫೈಯರಿನ ಗ್ರೌಂಡನ್ನು ಪೈ ಅಥವಾ ಪರದೆಯ ಗ್ರೌಂಡಿನಿಂದ ಬಿಡಿಸಿ, ಪ್ರತ್ಯೇಕ ತಂತಿಯಲ್ಲಿ ಬೂಸ್ಟ್ ಬೋರ್ಡಿನ ಹೊರ ತುದಿಗೇ ಒಯ್ಯಬೇಕು. ಪರದೆಯ ಕರೆಂಟ್ ಹರಿಯುವ ತಂತಿಯಲ್ಲೇ ಶಬ್ದದ ಗ್ರೌಂಡೂ ಇದ್ದರೆ ಆ ಏರಿಳಿತವೆಲ್ಲ ಕಿವಿಗೆ ಕೇಳಿಸುತ್ತದೆ.

ಮುಚ್ಚಳ ಹಾಕುವ ಮುನ್ನ

ಮೇಜಿನ ಮೇಲೆ ಸರಿಯಿದ್ದು ಮುಚ್ಚಳ ಹಾಕಿದೊಡನೆ ಕೆಡುವ ಕನ್ಸೋಲಿನಲ್ಲಿ ತಂತಿಯೊಂದು ತಿರುಪಿನ ಕಂಬಕ್ಕೆ ಸಿಕ್ಕಿಕೊಂಡಿರುತ್ತದೆ, ಅಥವಾ ಬೆಸುಗೆ ಸರಿಯಾಗಿ ಹಿಡಿಯದ (ಡ್ರೈ ಸೋಲ್ಡರ್) ಜಾಗವೊಂದು ಒತ್ತಡಕ್ಕೆ ಬಾಯಿ ಬಿಡುತ್ತದೆ. ಸರಿಯಾದ ಬೆಸುಗೆ ಹೊಳೆಯುತ್ತ ತಾಮ್ರದ ಮೇಲೆ ಹರಡಿ ಕೂತಿರುತ್ತದೆ. ಮಂಕಾಗಿ ಗುಂಡಗೆ ನಿಂತ ಬೆಸುಗೆಯನ್ನು ಫ್ಲಕ್ಸ್ ಹಚ್ಚಿ ಮತ್ತೆ ಕರಗಿಸಬೇಕು. ಕನ್ಸೋಲ್ ನಡೆಯುತ್ತಿರುವಾಗ ಒಣ ಐಸ್‌ಕ್ರೀಂ ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನೂ ತಂತಿಯನ್ನೂ ಮೆಲ್ಲಗೆ ಅದುಮಿದರೆ, ಆಟ ಯಾವ ಜಾಗದಲ್ಲಿ ತಡವರಿಸುತ್ತದೋ ಅದೇ ದೋಷದ ಜಾಗ. ಹೀಗೆ ಪದೇಪದೇ ಆರಿದ ಕನ್ಸೋಲಿನ ಮೆಮೊರಿ ಕಾರ್ಡಿನಲ್ಲಿ ಕಡತಗಳು ಕೆಟ್ಟಿರುವ ಸಾಧ್ಯತೆ ಇದೆ. ಆದ್ದರಿಂದ ಪೂರೈಕೆಯ ದೋಷ ಪೂರ್ತಿ ಹೋದ ಮೇಲೆ ಮಾತ್ರ ಕಾರ್ಡನ್ನು ಹೊಸದಾಗಿ ಬರೆಯಬೇಕು, ಮೊದಲೇ ಬರೆದರೆ ಅದೂ ಕೆಡುತ್ತದೆ.

ಕೊನೆಯ ಪರೀಕ್ಷೆಯನ್ನು ತುಂಬಿದ ಸೆಲ್ಲಿನಲ್ಲಿ ಮಾಡಬಾರದು. ಸೆಲ್ 3.4 ವೋಲ್ಟಿಗೆ ಇಳಿದಿರುವಾಗ, ಶಬ್ದವನ್ನೂ ಬೆಳಕನ್ನೂ ಪೂರ್ತಿ ಇಟ್ಟು, ಅತಿ ಭಾರದ ಆಟವನ್ನು ಹದಿನೈದು ನಿಮಿಷ ಓಡಿಸಿ, ಪೈ ಪಿನ್ನುಗಳ ಮೇಲಿನ ಓದು 4.8 ವೋಲ್ಟಿಗಿಂತ ಕೆಳಗೆ ಬರದಿದ್ದರೆ ಮುಚ್ಚಳದ ತಿರುಪು ಬಿಗಿಯಬಹುದು.